ಕೈದಿಗಳಿಗೂ ಮಾನವ ಹಕ್ಕು ಯಾಕೆ ಬೇಕು?

"ಕಳ್ಳತನ, ಕೊಲೆ ಮಾಡಿ ಒಳಗೆ ಹೋದವರನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಮಾನವ ಹಕ್ಕಿನವರು ಯಾಕೆ ಗಲಾಟೆ ಮಾಡುತ್ತಾರೆ? ಸತ್ತವರ ಮನೆಯವರ ಕಷ್ಟ ಇವರಿಗೆ ಕಾಣುವುದಿಲ್ಲವೇ?" ಎಂದು ಕೇಳಿದ್ದೀರಿ.

ಮೈಸೂರಿನಲ್ಲಿ ಮೂವತ್ತು ವರ್ಷ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ಕೇಸಿನ ಕಟ್ಟು ಹೊತ್ತುಕೊಂಡು ಓಡಾಡುವುದು, ವಾಯಿದೆ ಬರೆದುಕೊಳ್ಳುವುದು, ಶ್ಯೂರಿಟಿಗೆ, ಅಂದರೆ ಜಾಮೀನಿಗೆ ಹೊಣೆ ನಿಲ್ಲಲು ಬಂದವರ ಪಹಣಿ ನೋಡುವುದು, ಇಷ್ಟು ನನ್ನ ಕೆಲಸ. ಮೊದಮೊದಲು ನಾನೂ ನಿಮ್ಮ ಹಾಗೇ ಕೇಳುತ್ತಿದ್ದೆ. ಕೂತಲ್ಲಿಗೆ ಊಟ ಬರುತ್ತೆ, ಇನ್ನೇನು ಬೇಕಂತೆ ಇವರಿಗೆ ಅಂತ.

ಒಂದು ಲೆಕ್ಕ ಹೇಳುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಕೇಸಿಗೆ ತೀರ್ಪೇ ಬಂದಿರಲಿಲ್ಲ. ನೀವು ಕಳ್ಳರು, ಕೊಲೆಗಾರರು ಅಂದುಬಿಟ್ಟಿರಿ. ಹೆಚ್ಚಿನವರನ್ನು ಹಾಗೆಂದು ಯಾವ ಜಡ್ಜೂ ಇನ್ನೂ ಹೇಳಿಲ್ಲ. ಜಾಗ ಇದ್ದದ್ದಾದರೂ 4,36,266 ಜನಕ್ಕೆ ಮಾತ್ರ.

ನಾನು ಮನಸ್ಸು ಬದಲಾಯಿಸಿದ್ದು ಈ ಲೆಕ್ಕ ನೋಡಿ ಅಲ್ಲ, ಮಳವಳ್ಳಿ ಕಡೆಯ ಒಬ್ಬ ಕೂಲಿ ಆಳಿನಿಂದ. ಪಂಪ್‌ಸೆಟ್ ಮೋಟಾರ್ ಕದ್ದ ಅಂತ ಕೇಸು. ಎರಡನೇ ವಾರಕ್ಕೇ ಜಾಮೀನು ಸಿಕ್ಕಿತು. ಆದರೆ ಶ್ಯೂರಿಟಿ ಕೊಡುವವರು ಯಾರು? ಶ್ಯೂರಿಟಿ ನಿಲ್ಲುವವನ ಹೆಸರಿನಲ್ಲಿ ಜಮೀನಿರಬೇಕು, ಪಹಣಿ ತರಬೇಕು. ಇವನಿಗೆ ಗುಂಟೆ ನೆಲವೂ ಇಲ್ಲ. ಭಾವನದು ಜಂಟಿ ಖಾತೆ, ಅವನ ಅಣ್ಣಂದಿರು ಒಪ್ಪಲಿಲ್ಲ. ಊರಿನ ಬೇರೆಯವರು "ನಮಗ್ಯಾಕಪ್ಪ ಕೋರ್ಟು ಕಚೇರಿ" ಅಂದರು. ಕೋರ್ಟು ಬಿಡಿ ಅಂತ ಹೇಳಿದ ಮೇಲೂ ಅವನು ಏಳು ತಿಂಗಳು ಒಳಗೇ ಇದ್ದ. ಹೆಂಡತಿ ಒಂದು ದಿನದ ಕೂಲಿ ಬಿಟ್ಟು ಮುಲಾಖತ್‌ಗೆ, ಅವನನ್ನು ಜೈಲಿನಲ್ಲಿ ನೋಡಲು, ಬರಬೇಕು. ಬಂದರೆ ಬಸ್ ಚಾರ್ಜಿಗೆ ಇನ್ನೊಂದು ದಿನದ ಕೂಲಿ ಹೋಯಿತು. ಬ್ಯಾರಕ್ಕಿನಲ್ಲಿ ಮಗ್ಗುಲು ಬದಲಿಸಬೇಕಾದರೆ ಪಕ್ಕದವನನ್ನೂ ಎಬ್ಬಿಸಬೇಕಂತೆ. ಮೈಯೆಲ್ಲ ಕಜ್ಜಿ. ನಮ್ಮ ವಕೀಲರೂ, ನಾನೂ ಅವನನ್ನು ಮರೆತೇಬಿಟ್ಟಿದ್ದೆವು, ನಿಜ ಹೇಳಬೇಕಲ್ಲ. ಫೀಸು ಬಾರದ ಕಟ್ಟು ಕಪಾಟಿನ ಕೆಳಗಿನ ಅರೆಗೆ ಹೋಗುತ್ತದೆ.

ಅವನನ್ನು ಹುಡುಕಿದ್ದು ಒಂದು ಮಾನವ ಹಕ್ಕು ಸಂಘಟನೆಯ ಜೊತೆ ಓಡಾಡುತ್ತಿದ್ದ ಕಾನೂನು ವಿದ್ಯಾರ್ಥಿನಿ. ಜಾಮೀನು ಸಿಕ್ಕಿಯೂ ಹೊರಗೆ ಬಾರದವರ ಪಟ್ಟಿ ಮಾಡಿಕೊಂಡು ಒಂದು ನೋಟ್‌ಬುಕ್ ಹಿಡಿದು ನಮ್ಮ ಆಫೀಸಿಗೆ ಬಂದಳು. "ಸರ್, ಈ ಅಣ್ಣ ಇನ್ನೂ ಯಾಕೆ ಒಳಗಿದ್ದಾರೆ?" ಅಷ್ಟೇ ಅವಳ ಪ್ರಶ್ನೆ. ನಿರಪರಾಧಿ ಅನ್ನಲಿಲ್ಲ, ಘೋಷಣೆ ಕೂಗಲಿಲ್ಲ. ನಮಗೆ ನಾಚಿಕೆಯಾಗಿ ಅರ್ಜಿ ಹಾಕಿದೆವು. ಶ್ಯೂರಿಟಿ ಇಲ್ಲದೆ ಅವನ ಸ್ವಂತ ಮುಚ್ಚಳಿಕೆಯ ಮೇಲೇ ಕೋರ್ಟು ಬಿಟ್ಟಿತು. ಮೂರು ವರ್ಷದ ಮೇಲೆ ಕೇಸು ಖುಲಾಸೆ ಆಯಿತು.

ಇನ್ನು ಶಿಕ್ಷೆ ಆದವರ ಮಾತು. ತೀರ್ಪಿನ ನಕಲು ಎಷ್ಟು ತಂದಿದ್ದೇನೋ ಲೆಕ್ಕವಿಲ್ಲ. ಇಷ್ಟು ವರ್ಷ ಸಜೆ, ಇಷ್ಟು ರೂಪಾಯಿ ದಂಡ, ಕಟ್ಟದಿದ್ದರೆ ಇನ್ನಿಷ್ಟು ತಿಂಗಳು. ಅಷ್ಟೇ ಇರುತ್ತದೆ. ಇವನಿಗೆ ಕಜ್ಜಿ ಹತ್ತಲಿ, ಶುಗರ್ ಮಾತ್ರೆ ತಪ್ಪಲಿ, ಇವನ ಮನೆಯವರು ವಾರ್ಡರಿಗೆ ಮಾಮೂಲು ಕೊಡಲಿ ಅಂತ ಯಾವ ತೀರ್ಪಿನಲ್ಲೂ ಓದಿಲ್ಲ. ಹಕ್ಕಿನವರು ಕೇಳುವುದು ಈ ಬರೆಯದೇ ಇರುವ ಶಿಕ್ಷೆಯ ಬಗ್ಗೆ.

ಇದನ್ನು ಸುಪ್ರೀಂ ಕೋರ್ಟಿನ ಮುಂದೆ ತಂದವನೇ ಒಬ್ಬ ಕೈದಿ. ತಿಹಾರ್ ಜೈಲಿನಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ. ಪಕ್ಕದ ಕೈದಿ ಪ್ರೇಮ್ ಚಂದ್‌ನ ಮನೆಯವರಿಂದ ದುಡ್ಡು ಕೀಳಲು ಜೈಲಿನ ವಾರ್ಡರ್ ಅವನಿಗೆ ಚಿತ್ರಹಿಂಸೆ ಕೊಟ್ಟ ಅಂತ ಜಡ್ಜಿಗೆ ಕಾಗದ ಬರೆದ. ತನಗಾಗಿ ಅಲ್ಲ, ನೋಡಿ. ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡರು. ಜೈಲಿನ ಗೋಡೆಯೊಳಗೂ ಸಂವಿಧಾನದ ಹಕ್ಕು ಇದೆ ಅಂತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ 1979ರಲ್ಲಿ ಹೇಳಿತು. ಅಲ್ಲಿಂದ ಎಲ್ಲ ಸರಿಹೋಯಿತಾ? ಇಲ್ಲ. ಜಾತಿ ನೋಡಿ ಕಕ್ಕಸು ತೊಳೆಯುವ ಕೆಲಸ ಹಂಚುವ ನಿಯಮಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದೇ ಇದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದ ಮೇಲೆ ಅವು ರದ್ದಾದದ್ದು 2024ರ ಅಕ್ಟೋಬರ್‌ನಲ್ಲಿ!

ಸತ್ತವರ ಮನೆಯವರ ಬಗ್ಗೆ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ವೀರಪ್ಪನ್ ಕಾಲ ನೆನಪಿದೆ ಅಲ್ವಾ? 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ಅವನ ಗುಂಪು ಇಟ್ಟ ನೆಲಬಾಂಬ್ ಸಿಡಿದು ಪೊಲೀಸರೂ ಸೇರಿ 22 ಜನ ಸತ್ತರು. ಆಮೇಲೆ ಮಾದಪ್ಪನ ಬೆಟ್ಟದ ಸುತ್ತಿನ ಹಳ್ಳಿಗಳಿಂದ ನೂರಕ್ಕೂ ಜಾಸ್ತಿ ಜನರನ್ನು ಭಯೋತ್ಪಾದನೆ ತಡೆಗೆ ಇದ್ದ ಟಾಡಾ ಕಾಯ್ದೆಯಲ್ಲಿ ಹಿಡಿದು ಮೈಸೂರು ಜೈಲಿಗೆ ತಂದರು. ಅವರ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಕೋರ್ಟಿನ ಆವರಣದ ಮರದ ಕೆಳಗೆ ಕೂತಿರುತ್ತಿದ್ದುದನ್ನು ನೋಡಿದ್ದೇನೆ. 2000ದಲ್ಲಿ ರಾಜ್‌ಕುಮಾರ್ ಅಪಹರಣವಾದಾಗ, ಇವರನ್ನು ಬಿಡಬೇಕು ಅನ್ನುವುದು ವೀರಪ್ಪನ್ ಬೇಡಿಕೆಗಳಲ್ಲಿ ಒಂದು. ಸರ್ಕಾರ ಟಾಡಾ ಕೇಸು ವಾಪಸ್ ಪಡೆಯಲು ಹೊರಟಿತು. ತಡೆದದ್ದು ಅಬ್ದುಲ್ ಕರೀಂ. ವೀರಪ್ಪನ್ ಕೈಯಲ್ಲಿ ಸತ್ತ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದರು.

ಮಗನನ್ನು ಕಳೆದುಕೊಂಡ ಆ ತಂದೆ ಕೇಳಿದ್ದು ಕೇಸು ನಡೆಯಲಿ ಅಂತ. ಕೇಸು ನಡೆಯಿತು. 2001ರಲ್ಲಿ ಮೈಸೂರಿನ ಟಾಡಾ ಕೋರ್ಟಿನ ತೀರ್ಪು ಬಂದಾಗ ಬಹುಪಾಲು ಜನ ಖುಲಾಸೆಯಾದರು. ಇವರೆಲ್ಲ ವರ್ಷಗಟ್ಟಲೆ ಒಳಗಿದ್ದರಿಂದ ಸತ್ತ ಪೊಲೀಸರ ಮನೆಗಳಿಗೆ ಏನು ಸಿಕ್ಕಿತು ಹೇಳಿ. ವೀರಪ್ಪನ್‌ನನ್ನು ಹಿಡಿಯಲು ಇದ್ದ ಪೊಲೀಸರ ವಿಶೇಷ ಕಾರ್ಯಪಡೆ ಆ ಹಳ್ಳಿಗಳ ಜನಕ್ಕೆ ಹಿಂಸೆ ಕೊಟ್ಟಿದೆ ಎಂಬ ದೂರನ್ನು ಹಕ್ಕು ಸಂಘಟನೆಗಳು ಬಿಡಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಮಾಡಿತು. 2007ರಲ್ಲಿ ಆಯೋಗ 89 ಜನಕ್ಕೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಶಿಫಾರಸು ಮಾಡಿತು.

ಸಂಘಟನೆಯವರ ಮೇಲೆ ನನಗೂ ತಕರಾರಿದೆ. ದೊಡ್ಡ ಹೆಸರಿನವರು ಒಳಗೆ ಹೋದರೆ ಪತ್ರಿಕಾಗೋಷ್ಠಿ, ಮೋಟಾರ್ ಕದ್ದ ಅನ್ನಿಸಿಕೊಂಡವನಿಗೆ ಒಂದು ನೋಟ್‌ಬುಕ್. ಅದೂ ಎಷ್ಟೋ ಸಲ ಇಂಗ್ಲಿಷ್‌ನಲ್ಲಿ. ಸತ್ತವರ ಮನೆಗೂ ಹೋಗಿ ಒಂದು ಮಾತಾಡಿಸಿದ್ದರೆ ನಿಮ್ಮ ಪ್ರಶ್ನೆಯೇ ಅರ್ಧ ಕಮ್ಮಿಯಾಗುತ್ತಿತ್ತು.

ನಿಮಗೆ ಗೊತ್ತಿರುವವರು ಯಾರಾದರೂ ಒಳಗಿದ್ದರೆ: ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೂ ಅವರು ತಿಳಿಸುತ್ತಾರೆ ಅಂತ ಸುಮ್ನೆ ಕೂರಬೇಡಿ. ನೀವೇ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ವಕೀಲರು ಪುಕ್ಕಟೆ. ಹೋಗುವಾಗ ಪೊಲೀಸ್ ಠಾಣೆಯ ಹೆಸರು, ಕ್ರೈಂ ನಂಬರ್ ಬರೆದುಕೊಂಡು ಹೋಗಿ. ಅದಿಲ್ಲದೆ ಹೋದರೆ ಅರ್ಧ ದಿನ ಹಾಳು.