ಒಲೆ ಬದಲಿಸುವ ಮೊದಲು ಸೌದೆ ನೋಡಿ

ಚಳಿಗಾಲದಲ್ಲಿ ಊರನ್ನು ಮುತ್ತುವ ಸೌದೆ ಹೊಗೆ ತಗ್ಗಿಸಲು ಮನೆ ಬೆಚ್ಚಗಿಡುವ ಒಲೆಗಳನ್ನು ಎಲ್ಲರೂ ಬದಲಿಸಲೇಬೇಕಾ, ಒಣ ಸೌದೆ ಉರಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಎರಡೂ ಬೇಕು. ಆದರೆ ಸೌದೆಯ ಕೆಲಸ ಈಗಲೇ ಶುರುಮಾಡಬಹುದು.

ಹಸಿ ಸೌದೆಯಲ್ಲಿ ಶಾಖ ಒಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉರಿ ಸಾಲದೆ ಹೊಗೆ ಏಳುತ್ತದೆ. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ತೇವಾಂಶ ಅಳೆಯುವ ಮೀಟರಿನ ಮೊನೆಗಳನ್ನು ಹೊರಮೈಗೆ ಒತ್ತಿದರೆ ಲೆಕ್ಕ ತಪ್ಪುತ್ತದೆ. ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ ನೋಡಿ. ರಾತ್ರಿಯಿಡೀ ಇರಲಿ ಅಂತ ಒಲೆ ತುಂಬ ಸೌದೆ ತುರುಕಿ ಗಾಳಿಕಿಂಡಿ ಮುಚ್ಚುವುದಂತೂ ತುಂಬಾ ಕೆಟ್ಟದ್ದು, ದಯವಿಟ್ಟು ನೆರೆಯವರಿಗೂ ಹೇಳಿ. ಗಾಳಿಯಾಡದ ರಾತ್ರಿ ನೆಲದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಕೂರುತ್ತದೆ, ಹೊಗೆ ಅಲ್ಲೇ ಉಳಿಯುತ್ತದೆ. ಬೇರೆ ಹೀಟರ್ ಇರುವವರು ಅಂಥ ರಾತ್ರಿ ಒಲೆ ಹಚ್ಚದಿರಲಿ.

ಒಲೆ ಬದಲಿಸುವ ವಿಷಯಕ್ಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಲಾನ್ಸೆಸ್ಟನ್ ನಗರ ನೋಡಿ. 2001ರಿಂದ ಸಹಾಯಧನ ಕೊಟ್ಟು ವಿದ್ಯುತ್ ಹೀಟರ್ ಹಾಕಿಸಿದರು. ಸೌದೆಯಿಂದ ಬೆಚ್ಚಗಾಗುವ ಮನೆಗಳು ಶೇ. 66ರಿಂದ 30ಕ್ಕೆ ಇಳಿದವು. ಚಳಿಗಾಲದ ಪಿಎಂ10 (ಉಸಿರಿನೊಡನೆ ಒಳಹೋಗುವಷ್ಟು ಸಣ್ಣ ಹೊಗೆ, ಧೂಳಿನ) ಕಣಗಳ ಸರಾಸರಿ ಘನಮೀಟರಿಗೆ 44ರಿಂದ 27 ಮೈಕ್ರೋಗ್ರಾಮಿಗೆ ಬಂತು. ಸಹಾಯಧನ ಇದ್ದರೆ ಮೊದಲು ಬಡವರ ಮನೆಗೇ ಸಿಗಬೇಕು, ಹಳೇ ಒಲೆ ಬಿಟ್ಟರೆ ಅವರಿಗೆ ಬೇರೆ ದಾರಿ ಇರುವುದಿಲ್ಲ.