ಕುದುರೆಯ ಹಿಂಭಾಗಕ್ಕೆ ಬಲ ಬರಲು ಯಾವ ವ್ಯಾಯಾಮ ಒಳ್ಳೆಯದು?

ಏರು ದಾರಿಯಲ್ಲಿ ನಿಧಾನವಾಗಿ ನಡೆಸುವುದು. ನನ್ನ ಮಟ್ಟಿಗೆ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ.

ಸುಮ್ಮನೆ ನಿಂತ ಕುದುರೆಯ ಮೈಭಾರದಲ್ಲಿ ಸುಮಾರು 60% ಮುಂಗಾಲುಗಳ ಮೇಲಿರುತ್ತದೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಪೃಷ್ಠ ಮತ್ತು ತೊಡೆಯ ಸ್ನಾಯುಗಳು ಇಡೀ ಮೈಯನ್ನು ಮೇಲಕ್ಕೆ ನೂಕಬೇಕಾಗುತ್ತದೆ. ಓಡಿಸಿಕೊಂಡು ಹತ್ತಿಸಿದರೆ ಓಟದ ರಭಸವೂ ಕೈಜೋಡಿಸುತ್ತದೆ. ನಡಿಗೆಯಲ್ಲಿ ಆ ನೆರವಿಲ್ಲ, ಪ್ರತಿ ಹೆಜ್ಜೆಗೂ ಸ್ನಾಯುವೇ ದುಡಿಯಬೇಕು. ಪಕ್ಕದಿಂದ ಗಮನಿಸಿ: ಕತ್ತು ತಗ್ಗಿಸಿ, ಬೆನ್ನು ಎತ್ತಿ, ಹಿಂಗಾಲನ್ನು ಹೊಟ್ಟೆಯಡಿಗೆ ಚಾಚಿ ಇಡುತ್ತಿದ್ದರೆ ಸರಿಯಾಗಿದೆ. ತಲೆ ಮೇಲೆತ್ತಿ ಬೆನ್ನು ಕುಸಿಸಿಕೊಂಡರೆ ಏರು ತೀರಾ ಕಡಿದಾಗಿರಬಹುದು, ಇಲ್ಲವೇ ಕುದುರೆ ದಣಿದಿರಬಹುದು.

ಸಮತಟ್ಟು ನೆಲವೇ ಗತಿ ಎಂದಾದರೆ ನಾಲ್ಕೈದು ಹೆಜ್ಜೆ ನೇರವಾಗಿ ಹಿಂದಕ್ಕೆ ನಡೆಸಿ, ಕೂಡಲೇ ಮುಂದಕ್ಕೆ ಹೊರಡಿಸಿ. ನೆಲದ ಮೇಲಿಟ್ಟ ಕಂಬಗಳನ್ನು ದಾಟಿಸುವುದೂ ಆಗುತ್ತದೆ. ದಿನ ಬಿಟ್ಟು ದಿನ ಸಾಕು, ಸ್ನಾಯು ಚೇತರಿಸಿಕೊಂಡು ಬೆಳೆಯಲು ಬಿಡುವು ಬೇಕು.

ಹಿಂಗೊರಸಿನ ತುದಿ ನೆಲಕ್ಕೆ ಉಜ್ಜುತ್ತಾ ನಡೆದರೆ, ಹಿಂದಕ್ಕೆ ಸರಿಯಲು ಒಪ್ಪದಿದ್ದರೆ ಮೊಂಡುತನ ಎಂದುಕೊಳ್ಳಬೇಡಿ. ಕೀಲುನೋವಿರಬಹುದು, ಮೊದಲು ಪಶುವೈದ್ಯರಿಗೆ ತೋರಿಸಿ.