ಓದುಗರ ಪ್ರಶ್ನೆ: ಆಲಿಸುತ್ತ ನಿಂತ ಒಂಬತ್ತು ಮರದ ಮೂರ್ತಿಗಳು

ಪ್ರಶ್ನೆ: ಮಗಳ ಮನೆಗೆಂದು ಜರ್ಮನಿಯ ಹ್ಯಾಂಬರ್ಗಿಗೆ ಹೋಗಿದ್ದಾಗ ಅಲ್ಲಿನ ಎರ್ನ್ಸ್ಟ್ ಬಾರ್ಲಾಖ್ ಸಂಗ್ರಹಾಲಯವನ್ನು ನೋಡಿದೆ. ಸಾಲಾಗಿ ನಿಲ್ಲಿಸಿದ ಒಂಬತ್ತು ಮರದ ಮೂರ್ತಿಗಳು, ಗಂಧದ ಕೆತ್ತನೆಯನ್ನು ನೋಡುತ್ತಲೇ ಬೆಳೆದ ನನ್ನ ಕಣ್ಣಿಗೆ ಮೊದಲು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡವು. ಆದರೂ ಅವುಗಳ ಎದುರಿನಿಂದ ಕದಲಲು ಮನಸ್ಸಾಗಲಿಲ್ಲ. ಉಳಿಯ ಗುರುತನ್ನೂ ಉಜ್ಜಿ ತೆಗೆಯದ ಈ ಮೂರ್ತಿಗಳಲ್ಲಿ ಅಷ್ಟೊಂದು ಭಾವ ಎಲ್ಲಿಂದ ಬರುತ್ತದೆ?
– ಓದುಗರೊಬ್ಬರು, ಸಾಗರ

ಉತ್ತರ: ತಾವು ನೋಡಿದ್ದು ‘ಆಲಿಸುವವರ ಸಾಲು’ ಎಂಬ ಕೃತಿ. ಕನಸು ಕಾಣುವವಳು, ನಂಬುವವನು, ನರ್ತಕಿ, ಕುರುಡ, ಅಲೆಮಾರಿ, ಯಾತ್ರಿಕಳು, ಕಾಯುವವಳು ಮೊದಲಾದ ಒಂಬತ್ತು ಮಂದಿಯನ್ನು ಜರ್ಮನಿಯ ಶಿಲ್ಪಿ ಬಾರ್ಲಾಖ್ 1930ರಿಂದ 1935ರವರೆಗೆ ಓಕ್ ಮರದಲ್ಲಿ ಕೆತ್ತಿದರು. ಇದರ ಮೊದಲ ಕಲ್ಪನೆ ಹುಟ್ಟಿದ್ದು ಸಂಗೀತಗಾರ ಬೀಥೋವನ್‌ನ ಸ್ಮಾರಕವೊಂದಕ್ಕಾಗಿ. ಆದ್ದರಿಂದಲೇ ಇವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ, ಯಾರೂ ಮಾತನಾಡುತ್ತಿಲ್ಲ.

ತಮ್ಮ ಪ್ರಶ್ನೆಗೆ ಅರ್ಧ ಉತ್ತರ ಮರದಲ್ಲಿಯೇ ಇದೆ. ಶ್ರೀಗಂಧದ ಎಳೆ ಬಹಳ ಒತ್ತಾಗಿರುವುದರಿಂದ ಗುಡಿಗಾರರ ಸಣ್ಣ ಉಳಿ ಅದರಲ್ಲಿ ಹೂವಿನ ಎಸಳನ್ನೂ ಸರದ ಮಣಿಯನ್ನೂ ಬಿಡಿಸಬಲ್ಲದು. ಓಕ್ ಮರದ ಎಳೆ ಒರಟು, ಅದರ ರಂಧ್ರಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಎಳೆಗೆ ಅಡ್ಡವಾಗಿ ಚಾಚಿದ ತೆಳ್ಳನೆಯ ಬೆರಳು ಅದರಲ್ಲಿ ಸುಲಭವಾಗಿ ಮುರಿಯುತ್ತದೆ. ಬಾರ್ಲಾಖ್ ಈ ಮಿತಿಯೊಡನೆ ಜಗಳವಾಡದೆ ಅದನ್ನೇ ತಮ್ಮ ಭಾಷೆಯಾಗಿ ಮಾಡಿಕೊಂಡರು. ಅವರ ಮನುಷ್ಯರು ಕಾಂಡದಂತೆಯೇ ನೆಟ್ಟಗೆ ನಿಲ್ಲುತ್ತಾರೆ. ಕೈಗಳು ಬಹುಮಟ್ಟಿಗೆ ಮೈಗೆ ಹತ್ತಿಕೊಂಡಿರುತ್ತವೆ. ಮೇಲ್ಮೈಯಲ್ಲಿ ಉಳಿದ ಉಳಿಯ ಕಚ್ಚುಗಳ ಮೇಲೆ ಬೆಳಕು ಒಡೆದು ಬೀಳುವುದರಿಂದ ನಿಶ್ಚಲವಾದ ಮೈಯಲ್ಲಿ ಸಣ್ಣದೊಂದು ಮಿಡಿತ ಕಾಣುತ್ತದೆ. ಅದನ್ನು ಉಜ್ಜಿ ನುಣುಪು ಮಾಡಿದ್ದರೆ ಈ ಜೀವ ಹೋಗಿಬಿಡುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದರ್ಧ ಉತ್ತರ ಬಟ್ಟೆಯಲ್ಲಿದೆ. 1906ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬಾರ್ಲಾಖ್ ಆಗಿನ ರಷ್ಯಾ ಸಾಮ್ರಾಜ್ಯದ ದಕ್ಷಿಣದ ಬಯಲುಗಳಲ್ಲಿ ಕೆಲವು ವಾರ ಸುತ್ತಾಡಿದರು. ಅಲ್ಲಿ ಅವರು ಕಂಡ ರೈತರೂ ಭಿಕ್ಷುಕರೂ ದಪ್ಪ ನಿಲುವಂಗಿ, ಕಂಬಳಿಗಳಲ್ಲಿ ತಲೆಯಿಂದ ಪಾದದವರೆಗೆ ಮುಚ್ಚಿಕೊಂಡಿದ್ದರು. ಸ್ನಾಯು, ಮೂಳೆ, ಸೊಂಟದ ತಿರುವು ಯಾವುದೂ ಕಾಣದ ಆ ಮೈಗಳಲ್ಲಿ ಹಸಿವು, ಚಳಿ, ದೈನ್ಯಗಳು ಮಾತ್ರ ಎದ್ದು ಕಾಣುತ್ತಿದ್ದವು. ನಮ್ಮ ಮನೆಗಳಲ್ಲಿಯೂ ದುಃಖವಾದಾಗ ಹಿರಿಯರು ಸೆರಗನ್ನೋ ಕಂಬಳಿಯನ್ನೋ ಮುಸುಕೆಳೆದುಕೊಂಡು ಕೂರುವುದನ್ನು ತಾವು ನೋಡಿರಬಹುದು. ಆಗ ಮುಖ ಕಾಣದಿದ್ದರೂ ಬೆನ್ನಿನ ಬಾಗು ನೋಡಿಯೇ ನಮಗೆ ಎಲ್ಲವೂ ತಿಳಿಯುತ್ತದೆ. ಬಾರ್ಲಾಖ್ ಕೆತ್ತಿದ್ದು ಆ ಬಾಗನ್ನು.

ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನ 1926ರ ‘ಪುನರ್ಮಿಲನ’. ಮಹಾಗನಿಯಲ್ಲಿ ಕೆತ್ತಿದ ಈ ಕೃತಿಯಲ್ಲಿ, ಕ್ರಿಸ್ತನು ಸತ್ತು ಮತ್ತೆ ಎದ್ದನೆಂಬುದನ್ನು ಸಂಶಯಿಸಿದ್ದ ಶಿಷ್ಯ ತೋಮನು ಅವನನ್ನು ಮತ್ತೆ ಕಾಣುತ್ತಾನೆ. ಕ್ರಿಸ್ತ ನೆಟ್ಟಗೆ ನಿಂತಿದ್ದಾನೆ. ಮುದುಕನಾದ ತೋಮನ ಮೊಣಕಾಲುಗಳು ಕುಸಿಯುತ್ತಿವೆ, ಅವನ ಕೈಗಳು ಕ್ರಿಸ್ತನ ಹೆಗಲಿಗೆ ಜೋತುಬಿದ್ದಿವೆ. ಆ ಎರಡು ಮೈಗಳ ನಡುವೆ ಭಾರ ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುತ್ತಿರುವುದು ನೋಡುವವರ ತೋಳಿಗೂ ಅನುಭವಕ್ಕೆ ಬರುವಂತಿದೆ. ನಾಚಿಕೆ, ನಂಬಿಕೆ, ಆಯಾಸ ಇವೆಲ್ಲವನ್ನೂ ಆ ಭಾರವೇ ಹೇಳುತ್ತದೆ.

ಪ್ರಶ್ನೆ: ಹಿಟ್ಲರನ ಆಡಳಿತ ಈ ಕಲಾವಿದನ ಕೃತಿಗಳನ್ನು ಕಿತ್ತು ಹಾಕಿಸಿತೆಂದು ಓದಿದ್ದೇನೆ. ಮರದ ಮೂರ್ತಿಗಳಿಂದ ಅವರಿಗೇನು ತೊಂದರೆಯಿತ್ತು?
– ಚಿತ್ರಕಲಾ ವಿದ್ಯಾರ್ಥಿ, ಮೈಸೂರು

ಉತ್ತರ: ಬಾರ್ಲಾಖ್ ಕೂಡ ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಅದರ ಆವೇಶಕ್ಕೆ ಒಳಗಾಗಿದ್ದವರೇ. ಕತ್ತಿಯನ್ನೆತ್ತಿ ಮುನ್ನುಗ್ಗುವ ‘ಸೇಡಿನವನು’ 1914ರ ಕೃತಿ. ಆಮೇಲೆ ಸೈನ್ಯದ ಅಲ್ಪಕಾಲದ ಸೇವೆಯೂ ಯುದ್ಧದ ಸಾವುನೋವುಗಳೂ ಅವರ ಮನಸ್ಸನ್ನು ಸಂಪೂರ್ಣವಾಗಿ ತಿರುಗಿಸಿದವು. 1929ರಲ್ಲಿ ಮಾಗ್ದೆಬುರ್ಗ್ ನಗರದ ದೊಡ್ಡ ಇಗರ್ಜಿಗೆ ಅವರು ಓಕ್ ಮರದಲ್ಲಿ ಯುದ್ಧಸ್ಮಾರಕವೊಂದನ್ನು ಕೆತ್ತಿದಾಗ ಅದರಲ್ಲಿ ವಿಜಯದ ಸುಳಿವೇ ಇರಲಿಲ್ಲ. ಶಿಲುಬೆಯ ಬಳಿ ಮೂವರು ಸೈನಿಕರು ನಿಂತಿದ್ದಾರೆ. ಕೆಳಗೆ ಮುಸುಕೆಳೆದುಕೊಂಡ ಹೆಂಗಸು, ಶಿರಸ್ತ್ರಾಣ ತೊಟ್ಟ ಅಸ್ಥಿಪಂಜರ, ಎರಡೂ ಕೈಗಳಿಂದ ತಲೆ ಹಿಡಿದುಕೊಂಡ ಗಂಡಸು. ವೀರಮರಣದ ಕಥೆ ಹೇಳಿ ಮತ್ತೊಂದು ಯುದ್ಧಕ್ಕೆ ಹುಡುಗರನ್ನು ಹುರಿದುಂಬಿಸಬೇಕಾದವರಿಗೆ ಈ ಮೂರು ತಲೆಗಳು ಸಹ್ಯವಾಗುವುದು ಸಾಧ್ಯವಿರಲಿಲ್ಲ. 1934ರಲ್ಲಿ ಸ್ಮಾರಕವನ್ನು ತೆಗೆಸಲಾಯಿತು. 1937ರಲ್ಲಿ ಸರ್ಕಾರ ಮ್ಯೂನಿಕ್ಕಿನಲ್ಲಿ ಏರ್ಪಡಿಸಿದ ‘ಅಧೋಗತಿಯ ಕಲೆ’ ಎಂಬ ನಿಂದನೆಯ ಪ್ರದರ್ಶನದಲ್ಲಿ ‘ಪುನರ್ಮಿಲನ’ವನ್ನೂ ಇಟ್ಟರು. ಆ ವರ್ಷ ಸಾರ್ವಜನಿಕ ಸಂಗ್ರಹಗಳಿಂದ ಬಾರ್ಲಾಖ್ ಅವರ ನೂರಾರು ಕೃತಿಗಳು ಜಪ್ತಿಯಾದವು. ಮರುವರ್ಷ, ಅಕ್ಟೋಬರ್ 24ರಂದು, ಅವರು ತೀರಿಕೊಂಡರು.

ಮೇಲೆ ಸಾಗರದ ಓದುಗರು ಕೇಳಿದ ಒಂಬತ್ತು ಮೂರ್ತಿಗಳೂ ಈ ಕಾಲದಲ್ಲಿಯೇ ಮುಗಿದವು. ಅವನ್ನು ಮಾಡಿಸಲು ಹೊರಟಿದ್ದ ನಟಿ ಟಿಲ್ಲಾ ದ್ಯುರಿಯೋ 1933ರಲ್ಲಿ ದೇಶ ಬಿಡಬೇಕಾಗಿ ಬಂತು, ಕೆಲಸವೂ ನಡುವೆ ನಿಂತುಹೋಗಿತ್ತು. ಹ್ಯಾಂಬರ್ಗಿನ ಸಿಗರೇಟು ಉದ್ಯಮಿ ಹೆರ್ಮಾನ್ ರೇಮ್ಟ್ಸ್‌ಮಾ ಮುಂದೆ ಬಂದು ಉಳಿದವನ್ನು ಕೆತ್ತಿಸಿಕೊಂಡರು. ಅವರ ಸಂಗ್ರಹಕ್ಕೆಂದೇ 1962ರಲ್ಲಿ ಹ್ಯಾಂಬರ್ಗಿನ ಯೆನಿಷ್ ಉದ್ಯಾನದಲ್ಲಿ ಈಗಿನ ಸಂಗ್ರಹಾಲಯ ತೆರೆಯಿತು. ಮಾಗ್ದೆಬುರ್ಗ್‌ನ ಸ್ಮಾರಕವೂ ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ತನ್ನ ಇಗರ್ಜಿಗೆ ಮರಳಿತು.